ಸರ್ವರ್ ಚಿಂತೆ ಹೋಯ್ತು, ಬಿಲ್ ಚಿಂತೆ ಬಂತು: ಕ್ಲೌಡ್‌ನಿಂದ ಡೆವಲಪರ್‌ಗಳ ಕೆಲಸ ಬದಲಾಗಿದ್ದು ಹೇಗೆ?

ಹುಬ್ಬಳ್ಳಿ: ಮೊದಲೆಲ್ಲ ಸ್ವಂತ ವೆಬ್‌ಸೈಟ್ ನಡೆಸುವ ಕಂಪನಿ ಸರ್ವರ್ ಕೊಳ್ಳಬೇಕಿತ್ತು. ಅದಕ್ಕೊಂದು ಎಸಿ ರೂಮ್, ಯುಪಿಎಸ್, ನೋಡಿಕೊಳ್ಳೋಕೆ ಸಿಬ್ಬಂದಿ ಬೇರೆ. ಈಗ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿ ಹಾಸ್ಟೆಲ್‌ನಲ್ಲೇ ಕೂತು ತನ್ನ ಪ್ರಾಜೆಕ್ಟ್ ಆನ್‌ಲೈನ್‌ಗೆ ಹಾಕಬಹುದು. ಇದಕ್ಕೆ ಕಾರಣ ಕ್ಲೌಡ್ ಹೋಸ್ಟಿಂಗ್.

ಕ್ಲೌಡ್ ಅಂದ್ರೇನು?

ಸರಳವಾಗಿ ಹೇಳೋದಾದ್ರೆ ಬಾಡಿಗೆ ಕಂಪ್ಯೂಟರ್. ಅಮೆಜಾನ್ 2006ರಲ್ಲಿ ಎಸ್3 ಮತ್ತು ಇಸಿ2 ಸೇವೆ ಆರಂಭಿಸಿತು. ಕರೆಂಟ್ ಮೀಟರ್‌ನಂತೆ ಬಳಸಿದಷ್ಟಕ್ಕೆ ದುಡ್ಡು. ಕಂಪನಿ 2016ರಲ್ಲಿ ಮುಂಬೈ, 2022ರಲ್ಲಿ ಹೈದರಾಬಾದ್‌ನಿಂದಲೂ ಸೇವೆ ಶುರು ಮಾಡಿತು. ಗೂಗಲ್, ಮೈಕ್ರೋಸಾಫ್ಟ್ ಕೂಡ ದೇಶದಲ್ಲಿ ಇಂಥ ಕೇಂದ್ರ ಹೊಂದಿವೆ.

ಬದಲಾಗಿದ್ದೇನು?

ಹಿಂದೆ ಡೆವಲಪರ್ ಕೋಡ್ ಬರೆದು ಕೊಟ್ಟರೆ, ಅದನ್ನು ಸರ್ವರ್‌ಗೆ ಹಾಕುವವರು ಬೇರೆ ಇರುತ್ತಿದ್ದರು. ಈಗ ಅನೇಕ ಕಡೆ ಎರಡೂ ಒಬ್ಬರದೇ ಕೆಲಸ. ಕೋಡ್ ಕಳಿಸಿದ ಕೂಡಲೇ ಪರೀಕ್ಷೆ ನಡೆದು, ಸೈಟ್ ತಾನಾಗಿಯೇ ಅಪ್‌ಡೇಟ್ ಆಗುವ ವ್ಯವಸ್ಥೆ ಇದೆ. ತಪ್ಪಾದರೆ ಹಳೆಯ ಆವೃತ್ತಿಗೆ ಮರಳಬಹುದು. ಪರೀಕ್ಷಾ ಫಲಿತಾಂಶದ ದಿನ ಲಕ್ಷಾಂತರ ಮಂದಿ ಒಮ್ಮೆಲೇ ಬಂದರೂ, ಮೊದಲೇ ಸಿದ್ಧತೆ ಮಾಡಿಟ್ಟಿದ್ದರೆ ಹೆಚ್ಚುವರಿ ಸರ್ವರ್‌ಗಳು ತಾವಾಗಿಯೇ ಸೇರಿಕೊಳ್ಳುತ್ತವೆ.

ಎಡವೋದು ಎಲ್ಲಿ?

ಬಾಡಿಗೆ ಮನೆಯ ನಿಯಮ ಮಾಲೀಕನದ್ದೇ. ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಹೆರೋಕು 2022ರ ನವೆಂಬರ್‌ನಲ್ಲಿ ಉಚಿತ ಸೇವೆ ನಿಲ್ಲಿಸಿದಾಗ, ಅದನ್ನೇ ನೆಚ್ಚಿದ್ದ ಪ್ರಾಜೆಕ್ಟ್‌ಗಳು ಬೇರೆ ಜಾಗ ಹುಡುಕಬೇಕಾಯಿತು.

ಬಿಲ್‌ನದ್ದು ಇನ್ನೂ ದೊಡ್ಡ ತಲೆನೋವು. ಪ್ರಾಜೆಕ್ಟ್ ಮುಗಿದ ಮೇಲೂ ಸರ್ವರ್ ಆಫ್ ಮಾಡದಿದ್ದರೆ ಮೀಟರ್ ಓಡುತ್ತಲೇ ಇರುತ್ತದೆ. ಖಾತೆಯ ರಹಸ್ಯ ಕೀ ಇರುವ ಕೋಡ್ ಅನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರಂತೂ ಕಥೆ ಮುಗೀತು. ಇಂಥ ಕೀ ಹುಡುಕೋಕೆಂದೇ ಬಿಟ್ಟಿರುವ ಸಾಫ್ಟ್‌ವೇರ್‌ಗಳು ನಿಮಿಷಗಳಲ್ಲೇ ಅದನ್ನು ಪತ್ತೆ ಹಚ್ಚಬಲ್ಲವು. ಆಮೇಲೆ ಕಳ್ಳರು ಕ್ರಿಪ್ಟೊ ಮೈನಿಂಗ್‌ಗೆ ದೊಡ್ಡ ದೊಡ್ಡ ಸರ್ವರ್ ಓಡಿಸುತ್ತಾರೆ. ಬಿಲ್ ಬರೋದು ಮಾತ್ರ ಖಾತೆದಾರರ ಹೆಸರಿಗೆ.

ಹೊಸಬರು ಗಮನಿಸಿ

* ಖಾತೆ ತೆರೆದ ದಿನವೇ ಬಜೆಟ್ ಅಲರ್ಟ್ ಹಾಕಿ. ಆದರೆ ಅದು ಎಚ್ಚರಿಕೆ ಮಾತ್ರ. ಸಾಮಾನ್ಯವಾಗಿ ಸರ್ವರ್ ನಿಲ್ಲಿಸುವುದಿಲ್ಲ.
* ಪಾಸ್‌ವರ್ಡ್ ಜೊತೆಗೆ ಎರಡನೇ ಹಂತದ ದೃಢೀಕರಣ ಇರಲಿ.
* ರಹಸ್ಯ ಕೀಯನ್ನು ಕೋಡ್‌ನೊಳಗೆ ಬರೆಯಬೇಡಿ. ಸೋರಿಕೆಯಾದರೆ ಕೂಡಲೇ ರದ್ದು ಮಾಡಿ.
* ಡೇಟಾದ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ.
* ಕೆಲಸ ಮುಗಿದ ಮೇಲೆ ಸರ್ವರ್ ಜೊತೆ ಡಿಸ್ಕ್, ಬ್ಯಾಕಪ್‌ಗಳನ್ನೂ ಅಳಿಸಿ. ಸರ್ವರ್ ನಿಂತರೂ ಅವುಗಳ ಬಾಡಿಗೆ ನಿಲ್ಲುವುದಿಲ್ಲ.