ಜಾತ್ರೆಯ ಜನಸಾಗರ ಮತ್ತು ಗಣಿತದ ಕಾಯಕ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ತೇರು ಸಾಗುವ ಹೊತ್ತಿನ ನೋಟವನ್ನು ನಾವು ಬಲ್ಲೆವು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಗಳಿಂದ ಬಂದ ಒಬ್ಬೊಬ್ಬ ಭಕ್ತನು ಎತ್ತ ಹೆಜ್ಜೆಯಿಡುವನೆಂದು ಹೇಳಲಾಗದು. ಮುಂದಿನವನು ನಿಂತರೆ ತಾನೂ ನಿಲ್ಲುವನು. ಎಡೆ ದೊರೆತರೆ ಸರಿಯುವನು. ಆದರೂ ಎತ್ತರದಿಂದ ನೋಡಿದರೆ ಜನಸಾಗರವು ಹೊಳೆಯಂತೆ ಒಂದೇ ಧಾಟಿಯಲ್ಲಿ ಹರಿಯುತ್ತದೆ.

ಒಂದನ್ನೊಂದು ತಾಕುತ್ತ ಚಲಿಸುವ ಕಣಗಳ ಬಗೆಯೂ ಇದೇ. ಬಿಡಿ ಕಣದ ನಡೆ ಆಕಸ್ಮಿಕ, ಒಟ್ಟು ಹರಿವು ನಿಯಮಬದ್ಧ. ಆಕಸ್ಮಿಕದಿಂದ ನಿಯಮವು ಮೂಡುವ ಪರಿಯನ್ನು ಸಂಭವನೀಯತಾ ಶಾಸ್ತ್ರದಿಂದ ಸಾಧಿಸಿ ತೋರಿದವರಲ್ಲಿ ಎಸ್.ಆರ್. ಶ್ರೀನಿವಾಸ ವರದನ್ ಅಗ್ರಗಣ್ಯರು. 1940ರಲ್ಲಿ ಮದರಾಸಿನಲ್ಲಿ ಜನಿಸಿದ ಅವರು 1963ರಲ್ಲಿ ನ್ಯೂಯಾರ್ಕಿನ ಕೊರಾಂಟ್ ಸಂಸ್ಥೆಯನ್ನು ಸೇರಿ, ದಶಕಗಳ ಕಾಲ ಅಲ್ಲಿಯೇ ದುಡಿದರು. ತೀರ ಅಪರೂಪದ ಘಟನೆಗಳ ಸಂಭವವನ್ನು ಅಳೆಯುವ ಅವರ ಸಿದ್ಧಾಂತವನ್ನು ಮನ್ನಿಸಿ 2007ರ ಅಬೆಲ್ ಪ್ರಶಸ್ತಿ ನೀಡಲಾಯಿತು.

ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅವರ ಸಂಶೋಧನೆಗೆ ಗುರುವಾಗಿದ್ದವರು ಸಿ.ಆರ್. ರಾವ್. ಈ ಗುರುವು 1920ರಲ್ಲಿ ಜನಿಸಿದ್ದು ದೂರದೇಶದಲ್ಲಲ್ಲ, ನಮ್ಮ ತುಂಗಭದ್ರೆಯ ಆಚೆಗಿರುವ ಹೂವಿನ ಹಡಗಲಿಯಲ್ಲಿ. ನೂರೆರಡು ವರ್ಷಗಳ ತುಂಬುಬಾಳು ಬಾಳಿ 2023ರಲ್ಲಿ ಅವರು ನಿಧನರಾದರು.

ಮಗಳೋ ಮಗನೋ ಗಣಿತವನ್ನೇ ಓದುವೆನೆಂದಾಗ, "ಬರೀ ಲೆಕ್ಕದಿಂದ ಹೊಟ್ಟೆ ತುಂಬೀತೇ?" ಎಂದು ನಾವು ಗದರಿಸುವುದುಂಟು. ಡಾಕ್ಟರಿಕೆ, ಎಂಜಿನಿಯರಿಕೆಗಳೆರಡೇ ದಾರಿಯೆಂದು ಮಗುವಿನ ಒಲವನ್ನು ಹೊಸಕುವ ಮುನ್ನ ಹೊಳೆಯಾಚೆಯ ಆ ಊರನ್ನೊಮ್ಮೆ ನೆನೆಯೋಣ. ಪ್ರತಿಭೆ ಯಾವ ಮನೆಯಲ್ಲಿ ಹುಟ್ಟುವುದೆಂಬುದು ಆಕಸ್ಮಿಕವಿರಬಹುದು. ಅದನ್ನು ಬೆಳೆಯಗೊಡುವುದು ಮಾತ್ರ ನಮ್ಮ ಕೈಯಲ್ಲಿದೆ.