ನಗರದ ಗಾಳಿಯಲ್ಲಿ ಬೆಂಜೊಪೈರೀನ್: ಅಳತೆಯ ವಿಧಾನ ಮತ್ತು ವರದಿಯ ಅರ್ಥ

ಸೌದೆ, ಕಲ್ಲಿದ್ದಲು, ಡೀಸೆಲ್, ಫರ್ನೇಸ್ ಆಯಿಲ್ ಮುಂತಾದ ಇಂಧನಗಳು ಪೂರ್ಣವಾಗಿ ಉರಿಯದಿದ್ದಾಗ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್‌ಗಳೆಂಬ ಸಂಯುಕ್ತಗಳು ಉತ್ಪತ್ತಿಯಾಗುತ್ತವೆ. ಇವುಗಳಲ್ಲಿ ಬೆಂಜೊಪೈರೀನ್ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ವರ್ಗೀಕರಿಸಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2009ರ ನವೆಂಬರ್ 18ರಂದು ಪ್ರಕಟಿಸಿದ ವಾಯು ಗುಣಮಟ್ಟ ಮಾನಕಗಳ 12 ಮಾಲಿನ್ಯಕಾರಕಗಳಲ್ಲಿ ಇದೂ ಒಂದು. ಇದಕ್ಕೆ ನಿಗದಿಯಾದ ವಾರ್ಷಿಕ ಸರಾಸರಿ ಮಿತಿ ಘನ ಮೀಟರಿಗೆ 1 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ.

ಇಷ್ಟು ಅತ್ಯಲ್ಪ ಪ್ರಮಾಣವನ್ನು ಗಾಳಿಯಲ್ಲಿ ನೇರವಾಗಿ ತೂಗಲಾಗದು. ಆದುದರಿಂದ ನಿಮಿಷಕ್ಕೆ ಸುಮಾರು 1.1 ಘನ ಮೀಟರ್ ಗಾಳಿಯನ್ನು ಸೆಳೆಯುವ ಯಂತ್ರವನ್ನು 24 ಗಂಟೆ ನಡೆಸಿ, ಸೂಕ್ಷ್ಮ ಧೂಳನ್ನು ಶೋಧಕ ಹಾಳೆಯ ಮೇಲೆ ಸಂಗ್ರಹಿಸುತ್ತಾರೆ. ಗಾಳಿಯು ಮಿತಿಯ ಮಟ್ಟದಲ್ಲಿದ್ದರೆ, ಹಾದುಹೋಗುವ 1,584 ಘನ ಮೀಟರ್ ಗಾಳಿಯಿಂದ ಹಾಳೆಯಲ್ಲಿ ಉಳಿಯುವುದು ಸುಮಾರು 1.6 ಮೈಕ್ರೋಗ್ರಾಂ ಮಾತ್ರ. ಬೆಳಕು ಹಾಗೂ ಶಾಖದಿಂದ ಇದು ನಷ್ಟವಾಗದಂತೆ ಹಾಳೆಯನ್ನು ಅಲ್ಯೂಮಿನಿಯಂ ಕಾಗದದಲ್ಲಿ ಸುತ್ತಿ ತಂಪಿನಲ್ಲಿ ಇರಿಸುತ್ತಾರೆ. ಪ್ರಯೋಗಾಲಯದಲ್ಲಿ ಟೊಲ್ಯೂಯಿನ್‌ನಂತಹ ದ್ರಾವಕದಿಂದ ಅದನ್ನು ಕರಗಿಸಿ ತೆಗೆದು, ಸಿಲಿಕಾ ಜೆಲ್‌ನಲ್ಲಿ ಶುದ್ಧಗೊಳಿಸಿ, ಕ್ರೊಮ್ಯಾಟೋಗ್ರಾಫ್ ಯಂತ್ರದಲ್ಲಿ ಅಳೆಯುತ್ತಾರೆ.

ಪರೀಕ್ಷೆಗೆ ಹಣ ತೆರುವ ಉದ್ಯಮಿಗಳು ವರದಿಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ಪತ್ತೆ ಮಿತಿ. ಪ್ರಯೋಗಾಲಯದ ಪತ್ತೆ ಮಿತಿಯೇ 2 ನ್ಯಾನೋಗ್ರಾಂ ಆಗಿದ್ದರೆ, ‘ಪತ್ತೆಯಾಗಿಲ್ಲ’ ಎಂಬ ಷರಾ 1 ನ್ಯಾನೋಗ್ರಾಂ ಮಾನಕಕ್ಕೆ ಸಾಕ್ಷ್ಯವಾಗದು.

ಎರಡನೆಯದು, ಮರುಪ್ರಾಪ್ತಿ. ತಿಳಿದ ಪ್ರಮಾಣದಲ್ಲಿ 100 ಭಾಗ ಸೇರಿಸಿದಾಗ 40 ಭಾಗವಷ್ಟೇ ದೊರೆತರೆ, ವರದಿಯ ಕಡಿಮೆ ಅಂಕಿ ಶುದ್ಧ ಗಾಳಿಯ ಗುರುತಲ್ಲ. ಅದು ಪರೀಕ್ಷೆಯಲ್ಲಾದ ಸೋರಿಕೆ. ಬಳಸದ ಹಾಳೆಯ ಪರೀಕ್ಷಾ ಫಲಿತಾಂಶವನ್ನೂ ಕೇಳಿ ಪಡೆಯುವುದು ಒಳಿತು.

ಮೂರನೆಯದು, ಅವಧಿ. ವಾರ್ಷಿಕ ಸರಾಸರಿಗೆ ವಾರಕ್ಕೆರಡರಂತೆ ವರ್ಷದಲ್ಲಿ ಕನಿಷ್ಠ 104 ಅಳತೆಗಳು ಬೇಕು. ಒಂದು ದಿನದ ಅಂಕಿಯಿಂದ ಕಾರ್ಖಾನೆಯನ್ನು ದೂಷಿಸುವುದಾಗಲಿ, ದೋಷಮುಕ್ತವೆನ್ನುವುದಾಗಲಿ ಸಲ್ಲದು. ಗೇಟಿನ ಬಳಿಯ ಅಳತೆಯಲ್ಲಿ ರಸ್ತೆಯ ವಾಹನಗಳ ಹೊಗೆಯೂ ಸೇರಿರುತ್ತದೆ. ಆದ್ದರಿಂದ ಗಾಳಿ ಬೀಸಿ ಬರುವ ಹಾಗೂ ಸಾಗಿ ಹೋಗುವ ಎರಡೂ ಬದಿಗಳಲ್ಲಿ ಏಕಕಾಲಕ್ಕೆ ಅಳೆಯಿಸಿದರೆ ನಮ್ಮ ಪಾಲು ಎಷ್ಟೆಂಬುದು ತಿಳಿಯುತ್ತದೆ.

ಹಸಿ ಸೌದೆಯ ಬದಲು ಒಣ ಸೌದೆ ಬಳಸುವುದು, ಬರ್ನರ್‌ಗಳನ್ನು ಕಾಲಕಾಲಕ್ಕೆ ಸರಿಪಡಿಸುವುದು, ಟಯರು-ಪ್ಲಾಸ್ಟಿಕ್ ಸುಡದಿರುವುದು ಈ ಮಾಲಿನ್ಯವನ್ನು ಮೂಲದಲ್ಲಿಯೇ ತಗ್ಗಿಸುತ್ತವೆ. ಪೂರ್ಣವಾಗಿ ಉರಿದ ಇಂಧನದಿಂದ ಹೊಗೆಯೂ ಕಡಿಮೆ, ಖರ್ಚೂ ಕಡಿಮೆ. ಕುಲುಮೆಯ ಮುಂದೆ ದಿನವಿಡೀ ನಿಲ್ಲುವ ಕಾರ್ಮಿಕರ ಆರೋಗ್ಯಕ್ಕೂ ಅದೇ ಮೊದಲ ರಕ್ಷಣೆ.