ಟಿಪ್ಪುವಿನ ಸಿಂಹಾಸನ ಮತ್ತು 1893ರ ಯಂತ್ರಮಾನವ

ಕೊಚ್ಚಿಯ ಕಲೂರಿನ ಬಾಡಿಗೆ ಮನೆಯೊಂದರಲ್ಲಿ ಟಿಪ್ಪು ಸುಲ್ತಾನನ ಸಿಂಹಾಸನವಿದೆಯೆಂದು ಕೆಲವು ವರ್ಷಗಳ ಹಿಂದೆ ಅನೇಕರು ನಂಬಿದ್ದರು. ಮೋಶೆಯ ಊರುಗೋಲೂ, ಯೇಸುವನ್ನು ಹಿಡಿದುಕೊಡಲು ಯೂದನು ಪಡೆದ ಬೆಳ್ಳಿನಾಣ್ಯವೂ ತನ್ನಲ್ಲಿವೆಯೆಂದು ಆ ಮನೆಯಲ್ಲಿದ್ದ ಮೋನ್ಸನ್ ಮಾವುಂಕಲ್ ಹೇಳಿಕೊಳ್ಳುತ್ತಿದ್ದ. ರಾಜ್ಯದ ಪೊಲೀಸ್ ಮುಖ್ಯಸ್ಥರೇ ಒಮ್ಮೆ ಆ ಸಿಂಹಾಸನದ ಮೇಲೆ ಕುಳಿತು ಛಾಯಾಚಿತ್ರ ತೆಗೆಸಿಕೊಂಡಿದ್ದರು. 2021ರ ಸೆಪ್ಟೆಂಬರಿನಲ್ಲಿ ಮೋನ್ಸನ್‌ನ ಬಂಧನವಾಯಿತು. ಸುಮಾರು 10 ಕೋಟಿ ರೂಪಾಯಿ ಕೊಟ್ಟು ಮೋಸಹೋದೆವೆಂಬುದು ದೂರುದಾರರ ಅಳಲು. ಸಿಂಹಾಸನವು ಚೇರ್ತಲದ ಬಡಗಿಯೊಬ್ಬನ ಕೈಕೆಲಸವೆಂದು ಪತ್ರಿಕೆಗಳು ವರದಿ ಮಾಡಿದವು.

ಓದುಬರಹ ಬಲ್ಲವರು ಇಂಥ ಕಥೆಗಳನ್ನು ಹೇಗೆ ನಂಬುತ್ತಾರೆ? ಇದನ್ನು ಅರಿಯಲು ಅಮೆರಿಕದ ಒಂದು ನಿರುಪದ್ರವಿ ಉದಾಹರಣೆ ನೆರವಾಗುತ್ತದೆ.

ಚಿತ್ರಕಥಾ ಕಲಾವಿದ ಪಾಲ್ ಗಿನಾನ್ 2000ದಲ್ಲಿ ಅಂತರಜಾಲದಲ್ಲಿ ‘ಬಾಯ್ಲರ್‌ಪ್ಲೇಟ್’ ಎಂಬ ಯಂತ್ರಮಾನವನ ಚರಿತ್ರೆಯನ್ನು ಪ್ರಕಟಿಸಿದರು. ಆರ್ಚಿಬಾಲ್ಡ್ ಕ್ಯಾಂಪಿಯನ್ ಎಂಬ ವಿಜ್ಞಾನಿ ಅದನ್ನು ನಿರ್ಮಿಸಿ 1893ರ ಷಿಕಾಗೋ ವಸ್ತುಪ್ರದರ್ಶನದಲ್ಲಿ ತೋರಿಸಿದನಂತೆ. ಅದು ಯುದ್ಧಗಳಲ್ಲಿ ಪಾಲ್ಗೊಂಡು 1918ರಲ್ಲಿ ರಣರಂಗದಲ್ಲಿ ಕಾಣೆಯಾಯಿತಂತೆ. ಯಂತ್ರವೂ ವಿಜ್ಞಾನಿಯೂ ಕಲ್ಪನೆ. ಆದರೆ ಸುತ್ತಲಿನ ಎಲ್ಲವೂ ನಿಜ: ಆ ಪ್ರದರ್ಶನ ನಡೆದದ್ದು ಹೌದು, ಆ ಯುದ್ಧಗಳೂ ಹೌದು. ಸುಮಾರು ಒಂದಡಿ ಎತ್ತರದ ಗೊಂಬೆಯ ಚಿತ್ರವನ್ನು ಹಳೆಯ ಛಾಯಾಚಿತ್ರಗಳೊಳಗೆ ಕೂರಿಸಿದ್ದಷ್ಟೇ ಕೈಚಳಕ. ಹಾಸ್ಯನಟ ಕ್ರಿಸ್ ಎಲಿಯಟ್ ತಮ್ಮ 2005ರ ಕಾದಂಬರಿಯಲ್ಲಿ ಬಾಯ್ಲರ್‌ಪ್ಲೇಟನ್ನು ಬಳಸಿಕೊಂಡರು. ಅದು ಇತಿಹಾಸದ ವಸ್ತುವಲ್ಲ, ಜೀವಂತ ಲೇಖಕನೊಬ್ಬನ ಸೃಷ್ಟಿಯೆಂದು ತಿಳಿದ ಮೇಲೆ ಗಿನಾನ್‌ರೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಕಲೂರಿನ ಸಿಂಹಾಸನದ ಸುತ್ತಲೂ ಹೀಗೆಯೇ ನಿಜವಿತ್ತು. 1789ರ ಡಿಸೆಂಬರಿನಲ್ಲಿ ಟಿಪ್ಪುವಿನ ಸೇನೆ ತಿರುವಾಂಕೂರಿನ ನೆಡುಂಕೋಟೆಯ ಬಳಿ ಹಿಮ್ಮೆಟ್ಟಿತು. ಅವನ ಪಲ್ಲಕ್ಕಿ, ಖಡ್ಗ ಮೊದಲಾದವು ತಿರುವಾಂಕೂರಿನವರ ಕೈಸೇರಿದವೆಂದು ಚರಿತ್ರೆಕಾರರು ಬರೆದಿದ್ದಾರೆ. ಮರುವರ್ಷ ಅವನು ಕೋಟೆಯನ್ನು ಭೇದಿಸಿ ಕೊಚ್ಚಿಗೆ ಸಮೀಪದ ಆಲುವದವರೆಗೂ ಬಂದಿದ್ದ. ಇದನ್ನು ಶಾಲೆಯಲ್ಲಿ ಓದಿದವನಿಗೆ ‘ಟಿಪ್ಪುವಿನ ವಸ್ತು ಕೊಚ್ಚಿಯಲ್ಲಿದೆ’ ಎಂಬ ಮಾತು ಅಸಂಭವವೆನಿಸದು. ಅರ್ಧ ಓದಿದವರೇ ಹೆಚ್ಚು ಸುಲಭವಾಗಿ ಸಿಕ್ಕಿಬೀಳುತ್ತಾರೆಂದು ನನಗೆ ತೋರುತ್ತದೆ.

ಇನ್ನೊಂದು ಪುಟ ಓದಿದ್ದರೆ ಸಾಕಿತ್ತು. ಟಿಪ್ಪುವಿನ ನಿಜವಾದ ಸಿಂಹಾಸನ ಇಡಿಯಾಗಿ ಎಲ್ಲಿಯೂ ಉಳಿದಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಲೂಟಿಯ ಪಾಲು ಹಂಚುವ ಅಧಿಕಾರಿಗಳು ಚಿನ್ನದ ತಗಡು ಹೊದಿಸಿದ್ದ ಆ ಪೀಠವನ್ನು ಒಡೆದು ತುಂಡು ಮಾಡಿದರು. ಅದರ ದೊಡ್ಡ ಹುಲಿಯ ತಲೆಯೂ, ರತ್ನಖಚಿತ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಸಂಗ್ರಹದಲ್ಲಿವೆ. ಕಟಾಂಜನದ ಚಿಕ್ಕ ಹುಲಿತಲೆಗಳಲ್ಲಿ ಒಂದು ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಮೋನ್ಸನ್ ಬಂಧನವಾದ ಎರಡೇ ತಿಂಗಳಿಗೆ, 2021ರ ನವೆಂಬರಿನಲ್ಲಿ, ಇಂಥದೇ ಇನ್ನೊಂದು ಹುಲಿತಲೆ ದೇಶ ಬಿಡದಂತೆ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ನಿರ್ಬಂಧ ಹೇರಿತು. ಅದೊಂದರ ಬೆಲೆಯೇ 15 ಲಕ್ಷ ಪೌಂಡ್!

ಹಣ ಹೋದರೆ ಅದು ಕಳಕೊಂಡವರ ನಷ್ಟ ಮಾತ್ರವೆನ್ನಬಹುದು. ಆದರೆ ಅದೇ ಸಂಗ್ರಹದಲ್ಲಿ ಶಬರಿಮಲೆಗೆ ಸಂಬಂಧಿಸಿದ, 17ನೆಯ ಶತಮಾನದ್ದೆನ್ನಲಾದ ತಾಮ್ರಪಟವೂ ಇತ್ತು. 2018ರಲ್ಲಿ ಮಹಿಳೆಯರ ಪ್ರವೇಶದ ವಿವಾದ ಕಾವೇರಿದ್ದಾಗ ವಾಹಿನಿಯೊಂದು ಅದನ್ನು ಆಧಾರವೆಂದು ತೋರಿಸಿತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಪರೀಕ್ಷಿಸಿದಾಗ ಅದೂ ಸೇರಿದಂತೆ ಬಹುಪಾಲು ವಸ್ತುಗಳಿಗೆ ಪ್ರಾಚೀನತೆ ಇಲ್ಲವೆಂದು ತಿಳಿದುಬಂತು. ಭಕ್ತರ ಮನಸ್ಸನ್ನು ಕಲಕುವ ವಿಷಯದಲ್ಲಿ ಇದು ಸಣ್ಣ ಅಪಚಾರವಲ್ಲ.

ತಿರುವನಂತಪುರದ ಶ್ರೀ ಪದ್ಮನಾಭಸ್ವಾಮಿ ದೇವಾಲಯದ ನೆಲಮಾಳಿಗೆಗಳನ್ನು 2011ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ತೆರೆದಾಗ ‘ಬಿ’ ಕೋಣೆಯೊಂದು ಹಾಗೆಯೇ ಉಳಿಯಿತು. ಅದನ್ನು ಎಂದೂ ತೆರೆದಿಲ್ಲ, ಗರುಡಮಂತ್ರಕ್ಕಲ್ಲದೆ ತೆರೆಯದು ಎಂಬ ಕಥೆಗಳು ಅಂತರಜಾಲದಲ್ಲಿ ಇಂದಿಗೂ ಹರಿದಾಡುತ್ತಿವೆ. ಮಾಜಿ ಮಹಾಲೇಖಪಾಲ ವಿನೋದ್ ರಾಯ್ ಅವರ ವರದಿಯಾದರೋ, 1990ರಿಂದೀಚೆಗೇ ಅದನ್ನು ಏಳು ಬಾರಿ ತೆರೆಯಲಾಗಿದೆ ಎಂದಿತು. ತೆರೆದದ್ದು ಹೊರಕೋಣೆ ಮಾತ್ರವೆಂಬುದು ರಾಜಮನೆತನದ ವಾದ. ಈ ಚರ್ಚೆಗೆ ದಾಖಲೆಯ ಆಧಾರವಿದೆ. ಮಂತ್ರದ ಕಥೆಗೆ ಹೇಳಿದವರು ಯಾರೆಂಬುದೇ ಗೊತ್ತಿಲ್ಲ.

ವಿಚಿತ್ರವೆಂದರೆ, ಕೇಳಿದರೆ ಕಟ್ಟುಕಥೆಯೆನ್ನಿಸುವ ಯಂತ್ರವೊಂದು ನಮ್ಮ ಶ್ರೀರಂಗಪಟ್ಟಣದಲ್ಲಿ ನಿಜವಾಗಿಯೂ ಇತ್ತು. ಐರೋಪ್ಯನೊಬ್ಬನ ಮೇಲೆರಗಿದ ಮರದ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾ ಕೈಯೆತ್ತುತ್ತಾನೆ. ಹುಲಿಯ ಒಡಲೊಳಗೆ ನುಡಿಸಬಹುದಾದ ಪುಟ್ಟ ಆರ್ಗನ್ ವಾದ್ಯ. ಇದನ್ನು ನಂಬಲು ಯಾರ ಮಾತೂ ಬೇಕಿಲ್ಲ, ಏಕೆಂದರೆ ಅದು ಹೋದ ದಾರಿಯೆಲ್ಲ ದಾಖಲಾಗಿದೆ. 1799ರಲ್ಲಿ ಅರಮನೆಯ ಸಂಗೀತಶಾಲೆಯಲ್ಲಿ ಸಿಕ್ಕಿತು; 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿತ್ತು; 1880ರಲ್ಲಿ ಇಂದಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನಿಂದ ಛಾವಣಿ ಕುಸಿದು ಹುಲಿಯ ಮೈ ನೂರಾರು ಚೂರಾಯಿತು. ಅವನ್ನು ಒಂದೊಂದಾಗಿ ಜೋಡಿಸಿ 1947ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು. ಲಂಡನ್ನಿಗೆ ಹೋಗುವ ಸದಸ್ಯರು ಮಕ್ಕಳಿಗೆ ತಪ್ಪದೆ ತೋರಿಸಬಹುದು. ಹಿಡಿಯನ್ನು ಮಾತ್ರ ಮುಟ್ಟಲು ಬಿಡರು.